ದೊಡ್ಡ ಕರುಳಿನ ಕ್ಯಾನ್ಸರ್: ಟಿಎನ್‌ಎಫ್ ಕೋಶವನ್ನು ಕೊಲ್ಲುತ್ತದೋ, ಉಳಿಸುತ್ತದೋ?

ನೀರ್ಚಾಲಿನ ಅಳಿಯ

ಎಲ್ಲರಿಗೂ ನಮಸ್ಕಾರ. ನನ್ನ ಮಾವನಿಗೆ ಹಲವು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ ಉಂಟು. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು, ಆಗಾಗ ರಕ್ತ. ಮಾತ್ರೆಯಲ್ಲಿ ಹತೋಟಿಗೆ ಬರಲಿಲ್ಲ. ಈಗ ಮಂಗಳೂರಿನ ಡಾಕ್ಟ್ರು ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಶುರು ಮಾಡೋಣ ಎಂದಿದ್ದಾರೆ. ಅದು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಔಷಧಿಯಂತೆ.

ನಾನು ಸುಮಾರು ಓದಿದೆ. ಟಿಎನ್‌ಎಫ್ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಎಂದು ಒಂದು ಕಡೆ. ಅದೇ ಟಿಎನ್‌ಎಫ್ ಕರುಳಿನ ಕ್ಯಾನ್ಸರನ್ನು ಬೆಳೆಸುತ್ತದೆ ಎಂದು ಇನ್ನೊಂದು ಕಡೆ. ಕೊಲೈಟಿಸ್ ಇದ್ದವರಿಗೆ ಕ್ಯಾನ್ಸರ್ ಅಪಾಯ ಜಾಸ್ತಿ ಎಂಬ ಹೆದರಿಕೆ ಮನೆಯಲ್ಲಿ ಮೊದಲೇ ಉಂಟು. ಹಾಗಿರುವಾಗ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುವನ್ನೇ ತಡೆದರೆ ಹೇಗೆ? ಮಾವ ಕೇಳುತ್ತಿದ್ದಾರೆ, ನನ್ನಲ್ಲಿ ಉತ್ತರ ಇಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ಉಪ್ಪಳದ ಸಿಸ್ಟರ್

ಮೊದಲು ಒಂದು ಮಾತು. ಈ ಡ್ರಿಪ್ ಕೊಡುವ ಮೊದಲು ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಟಿಎನ್‌ಎಫ್ ತಡೆದಾಗ ದೇಹದ ಒಳಗೆ ಸುಮ್ನೆ ಕೂತಿರುವ ಕ್ಷಯ ಎದ್ದು ಬರಬಹುದು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಆಗಿದ್ದರೆ ಮುಚ್ಚಿಡದೆ ಹೇಳಿ. ಕ್ಯಾನ್ಸರ್ ವಿಷಯ ಬಲ್ಲವರು ಬರೆಯಲಿ.

ಬದಿಯಡ್ಕ ಕೋಶಲೋಕ

ನೀರ್ಚಾಲಿನವರೇ, ನೀವು ಓದಿದ ಎರಡೂ ಸರಿ. ನಾನು ಕೋಶಗಳ ಸಾವಿನ ಮೇಲೆಯೇ ಕೆಲಸ ಮಾಡುವವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಹಿಂದಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 1890ರ ದಶಕದಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಎಂಬ ಸರ್ಜನ್ ಕ್ಯಾನ್ಸರ್ ಗಡ್ಡೆ ಇದ್ದವರಿಗೆ ಬ್ಯಾಕ್ಟೀರಿಯಾ ಚುಚ್ಚಿದರು. ಜೋರು ಜ್ವರ ಬಂತು, ಕೆಲವರಲ್ಲಿ ಗಡ್ಡೆ ಕರಗಿತು. ಆಗುವುದು ಎಂತ ಎಂದು ಹುಡುಕುತ್ತಾ ಹೋದವರಲ್ಲಿ ಲಾಯ್ಡ್ ಓಲ್ಡ್ ಅವರ ತಂಡ 1975ರಲ್ಲಿ ಟಿಎನ್‌ಎಫ್ ಅನ್ನು ವರದಿ ಮಾಡಿತು. ಇಲಿಯ ಗಡ್ಡೆಗಳು ಇದರಿಂದ ಸಾಯುತ್ತಿದ್ದವು. ದೊಡ್ಡ ಆಸೆ ಹುಟ್ಟಿತು. ಆದರೆ ಮನುಷ್ಯರ ರಕ್ತಕ್ಕೆ ಕೊಟ್ಟಾಗ ಬಿಪಿ ಕುಸಿಯಿತು, ಚಳಿಜ್ವರ ಬಂತು. ಗಡ್ಡೆ ಸಾಯುವಷ್ಟು ಕೊಟ್ಟರೆ ರೋಗಿಯೇ ಉಳಿಯುವುದು ಕಷ್ಟ. ಯುರೋಪಿನಲ್ಲಿ 1999ರಿಂದ ಕೈಕಾಲಿನ ಕೆಲವು ಗಡ್ಡೆಗಳಿಗೆ ಮಾತ್ರ ಇದನ್ನು ಬಳಸುತ್ತಾರೆ. ಅದೂ ಆ ಕೈ ಅಥವಾ ಕಾಲಿನ ರಕ್ತ ಸಂಚಾರವನ್ನು ದೇಹದ ಉಳಿದ ಭಾಗದಿಂದ ಬೇರೆ ಮಾಡಿ.

ಈಗ ಮುಖ್ಯ ವಿಷಯ. ಟಿಎನ್‌ಎಫ್ ತಾನಾಗಿ ಕೊಲ್ಲುವ ವಿಷ ಅಲ್ಲ. ಅದೊಂದು ಸಂಕೇತ. ಕೋಶದ ಹೊರಗೆ ಇರುವ ಗ್ರಾಹಿಗೆ ಅಂಟಿಕೊಂಡು ಒಳಗೆ ಸುದ್ದಿ ಕಳಿಸುತ್ತದೆ, ಅಷ್ಟೇ. ಸುದ್ದಿ ಬಂದ ಕೂಡಲೇ ಗ್ರಾಹಿಯ ಬುಡದಲ್ಲಿ ಕೆಲವು ಪ್ರೋಟೀನುಗಳು ಗುಂಪು ಕೂಡುತ್ತವೆ. ಈ ಮೊದಲ ಗುಂಪು ಎನ್‌ಎಫ್-ಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಅದು ಅಲ್ಲಿ ಹೋಗಿ ಬದುಕಿಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಸಿ-ಫ್ಲಿಪ್, ಸಿಐಎಪಿ, ಬಿಸಿಎಲ್-ಎಕ್ಸ್‌ಎಲ್ ಎಂಬ ರಕ್ಷಕ ಪ್ರೋಟೀನುಗಳು ತಯಾರಾಗುತ್ತವೆ. ಹೆಚ್ಚಿನ ಕೋಶಗಳು ಟಿಎನ್‌ಎಫ್ ಬಂದರೂ ಸಾಯದಿರಲು ಇದೇ ಕಾರಣ.

ಈ ರಕ್ಷಕರು ತಯಾರಾಗದಿದ್ದರೆ ಎರಡನೇ ಗುಂಪು ಕೂಡುತ್ತದೆ. ಅದರಲ್ಲಿ ಕ್ಯಾಸ್ಪೇಸ್-8 ಎಂಬ ಕತ್ತರಿಸುವ ಕಿಣ್ವ ಇರುತ್ತದೆ. ಅದು ಚುರುಕಾದರೆ ಕೋಶ ಒಳಗಿಂದಲೇ ತನ್ನನ್ನು ಕತ್ತರಿಸಿಕೊಂಡು ಸಾಯುತ್ತದೆ.

ಎಚ್‌ಟಿ-29 ಎಂಬುದು ಮನುಷ್ಯನ ದೊಡ್ಡ ಕರುಳಿನ ಕ್ಯಾನ್ಸರಿನಿಂದ 1964ರಲ್ಲಿ ಬೆಳೆಸಿದ ಕೋಶ. ಲ್ಯಾಬ್‌ಗಳಲ್ಲಿ ಇವತ್ತಿಗೂ ಬಳಕೆಯಲ್ಲಿ ಉಂಟು. ಇದಕ್ಕೆ ಬರೀ ಟಿಎನ್‌ಎಫ್ ಹಾಕಿ ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿ. ಕೋಶಗಳು ಡಿಶ್ಶಿನ ತಳಕ್ಕೆ ಚಪ್ಪಟೆಯಾಗಿ, ಒಂದಕ್ಕೊಂದು ಒತ್ತಿಕೊಂಡು, ಆರಾಮವಾಗಿ ಇರುತ್ತವೆ. ಇನ್ನೊಂದು ಡಿಶ್ಶಿಗೆ ಟಿಎನ್‌ಎಫ್ ಜೊತೆ ಸಿಐಎಪಿ ರಕ್ಷಕವನ್ನು ತೆಗೆದುಹಾಕುವ ಔಷಧಿಯನ್ನೂ ಹಾಕಿ. ಆಗ ನೋಟವೇ ಬೇರೆ. ಕೋಶ ಮುದುಡಿ ಉಂಡೆಯಾಗುತ್ತದೆ. ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ತಳ ಬಿಟ್ಟು ದ್ರವದಲ್ಲಿ ತೇಲುತ್ತದೆ. ಮೂರನೇ ಡಿಶ್ಶಿಗೆ ಇವೆರಡರ ಜೊತೆ ಕ್ಯಾಸ್ಪೇಸನ್ನು ತಡೆಯುವ ವಸ್ತುವನ್ನೂ ಸೇರಿಸಿ. ಕತ್ತರಿ ಕಟ್ಟಿಹಾಕಿದ್ದರಿಂದ ಕೋಶ ಬದುಕಬೇಕಲ್ಲ? ಬದುಕುವುದಿಲ್ಲ. ಉಬ್ಬಿ ಒಡೆದುಹೋಗುತ್ತದೆ. ಅದು ಮೂರನೇ ದಾರಿ, ನೆಕ್ರಾಪ್ಟೋಸಿಸ್. ಎಂಎಲ್‌ಕೆಎಲ್ ಎಂಬ ಪ್ರೋಟೀನು ಕೋಶದ ಪೊರೆಗೆ ತೂತು ಮಾಡುತ್ತದೆ. ಈ ಪ್ರೋಟೀನಿನ ಪಾತ್ರ ಗೊತ್ತಾದದ್ದು 2012ರಲ್ಲಿ.

ಮೂರು ಡಿಶ್ಶಿಗೂ ಹಾಕಿದ ಟಿಎನ್‌ಎಫ್ ಒಂದೇ. ಒಂದರಲ್ಲಿ ಬದುಕು, ಎರಡರಲ್ಲಿ ಎರಡು ಬಗೆಯ ಸಾವು. ತೀರ್ಮಾನ ಆಗುವುದು ಕೋಶದ ಒಳಗೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಮುಳ್ಳೇರಿಯ ಟೀಚರ್

ತುಂಬಾ ಒಳ್ಳೆಯದಾಯಿತು, ಇದನ್ನು ನಾಳೆಯೇ ಪ್ಲಸ್ ಟು ಮಕ್ಕಳಿಗೆ ಹೇಳುತ್ತೇನೆ. ಗುಳ್ಳೆ ಎದ್ದು ಸಾಯುವ ಆ ರೀತಿಗೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟು ವಿವರಿಸಿದವರು ಕೆರ್, ವೈಲಿ, ಕರ್ರಿ ಎಂಬ ವಿಜ್ಞಾನಿಗಳು, 1972ರಲ್ಲಿ. ಆ ಸಾವನ್ನು ನಡೆಸುವ ಜೀನ್‌ಗಳನ್ನು ಒಂದು ಪುಟ್ಟ ಹುಳದಲ್ಲಿ ಕಂಡುಹಿಡಿದ ಕೆಲಸಕ್ಕೆ 2002ರ ನೊಬೆಲ್ ಬಂತು. ಇಷ್ಟು ನಾನು ಪಾಠ ಮಾಡುತ್ತೇನೆ.

ನನ್ನ ಪ್ರಶ್ನೆ: ಹೇಗೆ ಸತ್ತರೆ ಎಂತ? ಕ್ಯಾನ್ಸರ್ ಕೋಶ ಸತ್ತರೆ ಆಯಿತಲ್ಲ. ಮುದುಡಿ ಸಾಯುವುದಕ್ಕೂ ಒಡೆದು ಸಾಯುವುದಕ್ಕೂ ರೋಗಿಗೆ ವ್ಯತ್ಯಾಸ ಉಂಟಾ?

ಬದಿಯಡ್ಕ ಕೋಶಲೋಕ

ದೊಡ್ಡ ವ್ಯತ್ಯಾಸ ಉಂಟು ಟೀಚರ್. ಮುದುಡಿ ಸತ್ತ ಕೋಶದ ಚೂರುಗಳನ್ನು ಪಕ್ಕದ ಕೋಶಗಳೂ ಕಸ ಗುಡಿಸುವ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳೂ ನುಂಗಿಬಿಡುತ್ತವೆ. ಗಲಾಟೆ ಇಲ್ಲ. ನಮ್ಮ ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಅಷ್ಟು ಕೋಶಗಳು ಉದುರಿದರೂ ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಒಡೆದು ಸತ್ತರೆ ಒಳಗಿನದ್ದೆಲ್ಲ ಹೊರಗೆ ಚೆಲ್ಲುತ್ತದೆ. ಅದನ್ನು ನೋಡಿ ರೋಗನಿರೋಧಕ ಕೋಶಗಳು ಓಡಿ ಬರುತ್ತವೆ, ಇನ್ನಷ್ಟು ಟಿಎನ್‌ಎಫ್, ಇನ್ನಷ್ಟು ಐಎಲ್-6 (ಇದೂ ಉರಿಯೂತದ ಒಂದು ಸಂಕೇತ) ಸುರಿಯುತ್ತವೆ. ಇದರಿಂದ ಕ್ಯಾನ್ಸರ್ ಕಡೆಗೆ ದೇಹದ ಗಮನ ಹೋಗಿ ಒಳ್ಳೆಯದೂ ಆಗಬಹುದು. ಉರಿಯೂತ ಮುಂದುವರಿದು ಕೆಟ್ಟದ್ದೂ ಆಗಬಹುದು. ಕರುಳಿನ ಕ್ಯಾನ್ಸರುಗಳಲ್ಲಿ ಹಲವು ಈ ಒಡೆಯುವ ದಾರಿಗೆ ಬೇಕಾದ ಆರ್‌ಐಪಿಕೆ-3 ಎಂಬ ಪ್ರೋಟೀನನ್ನೇ ತಗ್ಗಿಸಿಕೊಂಡಿರುತ್ತವೆ. ತಪ್ಪಿಸಿಕೊಳ್ಳುವ ದಾರಿ ಅವುಗಳಿಗೂ ಸಿಕ್ಕಿರುತ್ತದೆ.

ಪೆರ್ಲದ ಕೃಷಿಕ

ಅರ್ಥ ಆಯಿತು ಮಾರಾಯ್ರೇ. ಮಳೆ ಇಲ್ಲದಿದ್ದರೆ ಅಡಿಕೆ ತೋಟ ಇಲ್ಲ. ಅದೇ ಮಳೆ ಬಿಡದೆ ಹೊಡೆದರೆ ಕೊಳೆರೋಗ. ಮಳೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಎಂತ ಹೇಳುವುದು? ಯಾವಾಗ, ಎಷ್ಟು, ಕೊಳೆರೋಗಕ್ಕೆ ಬೋರ್ಡೋ ಔಷಧಿ ಬಿಟ್ಟಾಗಿದೆಯಾ ಇಲ್ಲವಾ ಎಂದು ನೋಡಬೇಕು.

ನನಗೆ ಕೇಳಲಿಕ್ಕೆ ಇರುವುದು ಅರಶಿನದ ಬಗ್ಗೆ. ಉರಿಯೂತ ತಗ್ಗಿಸುತ್ತದೆ, ಕ್ಯಾನ್ಸರ್ ಬರುವುದಿಲ್ಲ ಎಂದು ಕರ್ಕ್ಯುಮಿನ್ ಮಾತ್ರೆ ಮಾರುತ್ತಿದ್ದಾರೆ. ನನ್ನ ಭಾವ ತಿಂಗಳು ತಿಂಗಳು ತರಿಸುತ್ತಾನೆ.

ಅಡೂರಿನಿಂದ

ಕೋಶಲೋಕದವರೇ, ನೀವು ಹೇಳಿದ್ದೆಲ್ಲ ಡಿಶ್ಶಿನಲ್ಲಿ. ಡಿಶ್ಶಿನಲ್ಲಿ ಕ್ಯಾನ್ಸರ್ ಕೋಶ ಯಾವುದರಿಂದ ಬೇಕಾದರೂ ಸಾಯುತ್ತದೆ. ಜೀವಂತ ಕರುಳಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಪುರಾವೆ ಉಂಟಾ? ಇಲ್ಲದಿದ್ದರೆ ಮಾವನ ಡ್ರಿಪ್ ವಿಷಯ ಇದರಿಂದ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ.

ಬದಿಯಡ್ಕ ಕೋಶಲೋಕ

ಅಡೂರಿನವರ ಪ್ರಶ್ನೆ ಬಹಳ ಮುಖ್ಯ. ಅದಕ್ಕೇ ಮೊದಲು ಉತ್ತರ.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಕರಿನ್ ಅವರ ಲ್ಯಾಬಿನಿಂದ ಒಂದು ಕೆಲಸ ಬಂತು. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಅದು. ಇಲಿಗಳಿಗೆ ಡಿಎನ್‌ಎ ಕೆಡಿಸುವ ಒಂದು ರಾಸಾಯನಿಕ ಕೊಟ್ಟು, ಆಮೇಲೆ ಕುಡಿಯುವ ನೀರಿನಲ್ಲಿ ಕೊಲೈಟಿಸ್ ಬರಿಸುವ ವಸ್ತು ಕೊಟ್ಟರೆ ಕರುಳಿನಲ್ಲಿ ಗಡ್ಡೆಗಳು ಬರುತ್ತವೆ. ಅವರು ಮಾಡಿದ್ದು ಇಷ್ಟು. ಒಂದು ಗುಂಪು ಇಲಿಗಳಲ್ಲಿ ಕರುಳಿನ ಒಳಪದರದ ಕೋಶಗಳಲ್ಲಿ ಮಾತ್ರ ಎನ್‌ಎಫ್-ಕಪ್ಪಾಬಿ ಏಳದ ಹಾಗೆ ಜೀನ್ ತೆಗೆದರು. ಗಡ್ಡೆಗಳ ಸಂಖ್ಯೆ ಸುಮಾರು 80 ಶೇಕಡಾ ಇಳಿಯಿತು. ಆದರೆ ಉರಿಯೂತ ಕಮ್ಮಿ ಆಗಿರಲಿಲ್ಲ! ಕಮ್ಮಿ ಆದದ್ದು ಕೆಟ್ಟ ಕೋಶಗಳ ಆಯುಷ್ಯ. ಡಿಎನ್‌ಎ ಕೆಟ್ಟ ಕೋಶಗಳಿಗೆ ರಕ್ಷಕ ಪ್ರೋಟೀನು ಸಿಗದೆ ಅವು ಶುರುವಿನಲ್ಲೇ ಸತ್ತವು. ಅದೇ ಜೀನನ್ನು ಮ್ಯಾಕ್ರೋಫೇಜಿನಂಥ ಕೋಶಗಳಲ್ಲಿ ತೆಗೆದಾಗ ಬೇರೆಯೇ ಫಲ. ಉರಿಯೂತದ ಸಂಕೇತಗಳ ತಯಾರಿಯೇ ತಗ್ಗಿತು, ಗಡ್ಡೆಗಳು ದೊಡ್ಡದಾಗಲಿಲ್ಲ.

ಅಂದರೆ ಉರಿಯೂತ ಎರಡು ಕಡೆಯಿಂದ ಕ್ಯಾನ್ಸರಿಗೆ ಸಹಾಯ ಮಾಡುತ್ತದೆ. ಸಾಯಬೇಕಾದ ಕೋಶವನ್ನು ಉಳಿಸುತ್ತದೆ, ಉಳಿದದ್ದನ್ನು ಬೆಳೆಸುತ್ತದೆ. ಬೆಳೆಸುವ ಕೆಲಸದಲ್ಲಿ ಐಎಲ್-6 ದೊಡ್ಡ ಪಾತ್ರ ವಹಿಸುತ್ತದೆ. ಅದು ಸ್ಟ್ಯಾಟ್-3 ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಸ್ಟ್ಯಾಟ್-3 ಎದ್ದರೆ ಬಿಸಿಎಲ್-ಎಕ್ಸ್‌ಎಲ್, ಸರ್ವೈವಿನ್ ಇತ್ಯಾದಿ ಸಾವು ತಡೆಯುವ ಪ್ರೋಟೀನುಗಳು ಜಾಸ್ತಿಯಾಗುತ್ತವೆ. 2009ರಲ್ಲಿ ಎರಡು ತಂಡಗಳು ಇದನ್ನು ಇಲಿಯ ಕರುಳಿನಲ್ಲಿ ತೋರಿಸಿದವು.

ಈಗ ಮಾವನ ವಿಷಯ. ಕೊಲೈಟಿಸ್ ಇರುವ ಕರುಳಿನಲ್ಲಿ ಟಿಎನ್‌ಎಫ್ ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುತ್ತಾ ಕೂತಿರುವುದಿಲ್ಲ. ಅಲ್ಲಿ ಸಾಯುವುದು ಒಳ್ಳೆಯ ಕೋಶಗಳೇ. ಟಿಎನ್‌ಎಫ್, ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸಂಕೇತ, ಎರಡೂ ಸೇರಿ ಒಳಪದರವನ್ನು ಕೆಡಿಸುತ್ತವೆ. ಸತ್ತ ಜಾಗ ತುಂಬಲು ಉಳಿದ ಕೋಶಗಳು ಅವಸರದಲ್ಲಿ ಮತ್ತೆ ಮತ್ತೆ ವಿಭಜನೆ ಆಗುತ್ತವೆ. ಆಗ ಡಿಎನ್‌ಎ ತಪ್ಪುಗಳು ಜಾಸ್ತಿ. ಆ ಗಲಾಟೆಯಲ್ಲಿ ಸಾವನ್ನು ತಪ್ಪಿಸಿಕೊಳ್ಳಬಲ್ಲ ಕೋಶ ಮುಂದೆ ಬರುತ್ತದೆ. ಕೊಲೈಟಿಸಿನಿಂದ ಬರುವ ಕ್ಯಾನ್ಸರಿನಲ್ಲಿ ಪಿ-53 ಜೀನ್ ಬೇಗನೇ ಕೆಡುತ್ತದೆ. ಡಿಎನ್‌ಎ ಕೆಟ್ಟಾಗ ಸಾಯಲು ಹೇಳುವ ಜೀನ್ ಅದೇ. ಸಾಮಾನ್ಯ ಪಾಲಿಪ್ಪಿನಿಂದ (ಕರುಳಿನ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು) ಬರುವ ಕ್ಯಾನ್ಸರಿನಲ್ಲಿ ಮೊದಲು ಕೆಡುವುದು ಎಪಿಸಿ ಎಂಬ ಜೀನ್, ಪಿ-53 ಕೆಡುವುದು ಎಷ್ಟೋ ತಡವಾಗಿ.

ಜಪಾನಿನ ತಂಡವೊಂದು 2008ರಲ್ಲಿ ಇಂಥ ಇಲಿಗಳಿಗೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟಾಗ ಗಡ್ಡೆಗಳು ಕಮ್ಮಿಯಾದವು. ಮನುಷ್ಯರಲ್ಲಿ ಇಷ್ಟು ನೇರವಾದ ಪ್ರಯೋಗ ಮಾಡುವ ಹಾಗಿಲ್ಲ. ಆದರೆ ವೈದ್ಯರು ಒಪ್ಪುವ ಒಂದು ವಿಷಯ ಉಂಟು. ಕೊಲೈಟಿಸಿನಲ್ಲಿ ಉರಿಯೂತ ಎಷ್ಟು ಜೋರೋ, ಎಷ್ಟು ದೀರ್ಘವೋ, ಕ್ಯಾನ್ಸರ್ ಅಪಾಯ ಅಷ್ಟು ಜಾಸ್ತಿ. ಹಾಗಾಗಿ ಡ್ರಿಪ್ಪಿನಿಂದ ಕರುಳು ವಾಸಿಯಾದರೆ ಅದು ಒಳ್ಳೆಯದರ ಕಡೆಗೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸೋಂಕಿನ ಅಪಾಯ ಬೇರೆ, ಅದನ್ನು ಸಿಸ್ಟರ್ ಹೇಳಿದ್ದಾರೆ.

ಅರಶಿನಕ್ಕೆ ನಾಳೆ ಉತ್ತರ ಬರೆಯುತ್ತೇನೆ.

ಅಡೂರಿನಿಂದ

80 ಶೇಕಡಾ ಗಡ್ಡೆ ಇಳಿದರೂ ಉರಿಯೂತ ಇಳಿಯಲಿಲ್ಲ ಎಂಬುದು ನನಗೆ ಹೊಸದು. ನಾನು ಇಷ್ಟು ದಿನ ಉರಿಯೂತ ಅಂದರೆ ಕ್ಯಾನ್ಸರ್ ಎಂದು ನೇರ ಗೆರೆ ಎಳೆಯುತ್ತಿದ್ದೆ. ಇನ್ನೊಂದು ಸಂಶಯ. ಸಾವನ್ನು ತಪ್ಪಿಸಿಕೊಂಡ ಕೋಶಗಳೆಲ್ಲ ಕ್ಯಾನ್ಸರ್ ಆಗುತ್ತವೆಯಾ?

ಬದಿಯಡ್ಕ ಕೋಶಲೋಕ

ಇಲ್ಲ. ಇಲ್ಲೇ ವಿಷಯ ಚೆಂದ ಆಗುವುದು. 2020ರಲ್ಲಿ ಜಪಾನಿನ ತಂಡಗಳು ಕೊಲೈಟಿಸ್ ರೋಗಿಗಳ ಕರುಳಿನ ಒಳಪದರವನ್ನು ಚೂರು ಚೂರಾಗಿ ತೆಗೆದು ಡಿಎನ್‌ಎ ಓದಿದವು. ಐಎಲ್-17 ಎಂಬ ಇನ್ನೊಂದು ಉರಿಯೂತದ ಸಂಕೇತದ ದಾರಿಯಲ್ಲಿ ಬರುವ ಜೀನ್‌ಗಳು, ಮುಖ್ಯವಾಗಿ ಎನ್‌ಎಫ್‌ಕೆಬಿಐಝಡ್, ಅಲ್ಲಲ್ಲಿ ಕೆಟ್ಟಿದ್ದವು. ಹಾಗೆ ಕೆಟ್ಟ ಕೋಶಗಳು ಐಎಲ್-17ರಿಂದ ಬರುವ ಸಾವನ್ನು ತಪ್ಪಿಸಿಕೊಂಡು ಒಳಪದರದಲ್ಲಿ ದೂರದವರೆಗೆ ಹಬ್ಬಿದ್ದವು. ಕ್ಯಾನ್ಸರಿಗೆ ಇದೇ ದಾರಿ ಎಂದು ಯಾರಿಗಾದರೂ ಅನಿಸಬೇಕು. ಆದರೆ ಕ್ಯಾನ್ಸರ್ ಗಡ್ಡೆಗಳಲ್ಲಿ ಹುಡುಕಿದರೆ ಈ ಬದಲಾವಣೆ ಅಪರೂಪ. ಇಲಿಯಲ್ಲಿ ಆ ಜೀನ್ ಕೆಡಿಸಿದರೆ ಗಡ್ಡೆ ಬರುವುದು ಇನ್ನೂ ಕಮ್ಮಿಯೇ ಆಯಿತು. ಸಾವನ್ನು ತಪ್ಪಿಸಿಕೊಳ್ಳುವುದು ಕ್ಯಾನ್ಸರಿನ ಒಂದು ಮೆಟ್ಟಿಲು ಮಾತ್ರ. ಯಾವ ದಾರಿಯಲ್ಲಿ ತಪ್ಪಿಸಿಕೊಂಡಿತು ಎಂಬುದು ಬಹಳ ಲೆಕ್ಕಕ್ಕೆ ಬರುತ್ತದೆ.

ಬದಿಯಡ್ಕ ಕೋಶಲೋಕ

ಪೆರ್ಲದವರಿಗೆ: ಕರ್ಕ್ಯುಮಿನ್ ಡಿಶ್ಶಿನಲ್ಲಿ ಎನ್‌ಎಫ್-ಕಪ್ಪಾಬಿಯನ್ನು ತಡೆಯುತ್ತದೆ, ಸತ್ಯ. ಆದರೆ ಬಾಯಿಯಿಂದ ತಿಂದದ್ದು ರಕ್ತಕ್ಕೆ ಸೇರುವುದು ಅತಿ ಸ್ವಲ್ಪ. ಕರುಳಿನ ಕ್ಯಾನ್ಸರ್ ತಡೆಯುತ್ತದೆ ಎಂದು ಹೇಳುವಷ್ಟು ಪುರಾವೆ ಮನುಷ್ಯರಲ್ಲಿ ಇಲ್ಲ. ಪಲ್ಯಕ್ಕೆ, ಸಾರಿಗೆ ಹಾಕುವ ಅರಶಿನಕ್ಕೆ ಯಾರೂ ಅಡ್ಡಿ ಹೇಳುವುದಿಲ್ಲ. ಮಾತ್ರೆ ಬೇರೆ ವಿಷಯ. ಜಾಸ್ತಿ ಪ್ರಮಾಣದ ಅರಶಿನದ ಮಾತ್ರೆಗಳಿಂದ ಲಿವರ್ ಕೆಟ್ಟ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಉಂಟು. ಕರಿಮೆಣಸಿನ ಸಾರ ಸೇರಿಸಿದ ಮಾತ್ರೆ ಆದರೆ ಇನ್ನಷ್ಟು ಜಾಗ್ರತೆ. ಅದು ಬೇರೆ ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೂ ಏರಿಸಬಹುದು. ಭಾವನಿಗೆ ಹೇಳಿ, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಡಾಕ್ಟ್ರಿಗೆ ತೋರಿಸಲಿ.

ಕುಂಬಳೆ ಮೆಡಿಕಲ್ಸ್

ಆಸ್ಪಿರಿನ್ ಬಗ್ಗೆ ನಾನು ಹೇಳಬಹುದಾ? ಅಂಗಡಿಗೆ ಬಂದು ಕ್ಯಾನ್ಸರ್ ಬಾರದಿರಲು ಎಂದು ಕೇಳುವವರು ಉಂಟು. ಇದಕ್ಕೆ ಗಟ್ಟಿ ಪುರಾವೆ ಇರುವುದು ಲಿಂಚ್ ಸಿಂಡ್ರೋಮ್ ಇರುವವರಲ್ಲಿ. ಅದು ಕುಟುಂಬದಲ್ಲಿ ಬರುವ ಕರುಳಿನ ಕ್ಯಾನ್ಸರ್ ಅಪಾಯ. ಕ್ಯಾಪ್-2 ಎಂಬ ಪರೀಕ್ಷೆಯಲ್ಲಿ 861 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ. 2020ರಲ್ಲಿ ಬಂದ ದೀರ್ಘಾವಧಿಯ ಫಲಿತಾಂಶದಲ್ಲಿ ಆಸ್ಪಿರಿನ್ ಗುಂಪಿನ 9 ಶೇಕಡಾ ಜನರಿಗೆ, ಇನ್ನೊಂದು ಗುಂಪಿನ 13 ಶೇಕಡಾ ಜನರಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಸಾಮಾನ್ಯ ಜನ ತಾವಾಗಿ ನಿತ್ಯ ನುಂಗುವುದು ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತದೆ. ಕೊಲೈಟಿಸ್ ಇರುವವರಂತೂ ಕೇಳದೆ ಮುಟ್ಟಲೇಬಾರದು.

ಕೋಶಲೋಕದವರೇ, ಇದೂ ಕೋಶದ ಸಾವಿಗೆ ಸಂಬಂಧಪಟ್ಟದ್ದಾ?

ಬದಿಯಡ್ಕ ಕೋಶಲೋಕ

ಹೌದು. ಆಸ್ಪಿರಿನ್ ತಡೆಯುವ ಕಾಕ್ಸ್ ಕಿಣ್ವದಿಂದ ಪ್ರೋಸ್ಟಗ್ಲಾಂಡಿನ್ ಇ-2 ತಯಾರಾಗುತ್ತದೆ. ಅದು ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಬಿಸಿಎಲ್-2 ಎಂಬ ಸಾವು ತಡೆಯುವ ಪ್ರೋಟೀನನ್ನು ಏರಿಸುತ್ತದೆ. ಆಸ್ಪಿರಿನ್ ಕೆಲಸ ಮಾಡುವುದು ಇದೊಂದೇ ದಾರಿಯಲ್ಲಿ ಅಲ್ಲ. ಆದರೆ ಇದೂ ಒಂದು.

ಮುಳ್ಳೇರಿಯ ಟೀಚರ್

ಐಎಲ್-6 ಇಷ್ಟು ಕೆಟ್ಟದ್ದಾದರೆ ಅದನ್ನು ತಡೆಯುವ ಔಷಧಿ ಕ್ಯಾನ್ಸರಿಗೆ ಕೊಡಬಹುದಲ್ಲ? ಇನ್ನೊಂದು, ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ ಜಾಸ್ತಿ ಬಂದಿದೆ, ಕ್ಯಾನ್ಸರ್ ಇರಬಹುದಾ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಿದ್ದೆ ಬಿಟ್ಟಿದ್ದಾರೆ.

ಬದಿಯಡ್ಕ ಕೋಶಲೋಕ

ಕೊಟ್ಟು ನೋಡಿದ್ದಾರೆ ಟೀಚರ್. ಸಿಲ್ಟಕ್ಸಿಮ್ಯಾಬ್ ಎಂಬ ಐಎಲ್-6 ತಡೆಯುವ ಔಷಧಿಯನ್ನು ಕರುಳಿನ ಕ್ಯಾನ್ಸರೂ ಸೇರಿ ಹಲವು ಗಡ್ಡೆಗಳಲ್ಲಿ ಪರೀಕ್ಷಿಸಿದರು. 2014ರಲ್ಲಿ ಬಂದ ವರದಿ ಪ್ರಕಾರ ಅದೊಂದನ್ನೇ ಕೊಟ್ಟರೆ ಉಪಯೋಗ ಕಾಣಲಿಲ್ಲ. ಬೆಳೆದ ಕ್ಯಾನ್ಸರಿಗೆ ಬದುಕಲು ದಾರಿ ಒಂದಲ್ಲ. ಒಂದು ಬಾಗಿಲು ಮುಚ್ಚಿದರೆ ಸಾಲುವುದಿಲ್ಲ.

ಸಿಆರ್‌ಪಿ ಲಿವರಿನಲ್ಲಿ ತಯಾರಾಗುತ್ತದೆ, ಐಎಲ್-6 ಹೇಳಿದಾಗ. ಇಲಿ ಜ್ವರ ಬಂದರೂ ಏರುತ್ತದೆ, ಹಲ್ಲಿನ ಬುಡ ಬಾತರೂ ಏರುತ್ತದೆ. ಅದರಿಂದ ಕ್ಯಾನ್ಸರ್ ಗೊತ್ತಾಗುವುದಿಲ್ಲ. ಅವರು ನಿದ್ದೆ ಮಾಡಲಿ.

ಉಪ್ಪಳದ ಸಿಸ್ಟರ್

ನಾನು ಮಂಗಳೂರಿನಲ್ಲಿ ಎಂಡೋಸ್ಕೋಪಿ ವಿಭಾಗದಲ್ಲಿ ಇದ್ದವಳು. ಗಡಿ ದಾಟಿ ನಮ್ಮ ಕಡೆಯವರು ಎಷ್ಟೋ ಜನ ಬರುತ್ತಿದ್ದರು. ನನಗೆ ಸಂಕಟ ಆಗುವುದು ಒಂದೇ ವಿಷಯಕ್ಕೆ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಎಂದು ತಾವೇ ತೀರ್ಮಾನ ಮಾಡಿ ಸೊಪ್ಪು, ಕಷಾಯ, ಮುಲಾಮು ಎಂದು ತಿಂಗಳುಗಟ್ಟಲೆ ಕಳೆಯುತ್ತಾರೆ. ಮೂಲವ್ಯಾಧಿಯೇ ಇರಬಹುದು. ಆದರೆ ನೋಡದೆ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಪಾಲಿಪ್ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಅಷ್ಟರೊಳಗೆ ಕಂಡರೆ ಕೊಲೊನೋಸ್ಕೋಪಿಯಲ್ಲೇ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು) ಕಿತ್ತು ತೆಗೆಯುತ್ತಾರೆ.

ಕೊಲೈಟಿಸ್ ಇರುವವರಿಗೆ ರೋಗ ಶುರುವಾಗಿ ಎಂಟು ವರ್ಷಕ್ಕೆ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿ ಮಾಡಬೇಕು. ಆಮೇಲೆ ಅಪಾಯ ನೋಡಿ ಒಂದರಿಂದ ಮೂರು ವರ್ಷಕ್ಕೊಮ್ಮೆ, ಕೆಲವರಿಗೆ ಇನ್ನೂ ತಡವಾಗಿ. ನೀರ್ಚಾಲಿನವರೇ, ಡ್ರಿಪ್ಪಿನಲ್ಲಿ ಆರಾಮ ಆದರೂ ಇದನ್ನು ತಪ್ಪಿಸಬೇಡಿ. ಹಿಂದಿನ ದಿನ ಬೊಂಡದ ನೀರು, ತಿಳಿ ಸಾರು ಕುಡಿಯಬಹುದು. ಪುನರ್ಪುಳಿ ಶರಬತ್ತು ಬೇಡ. ಕೆಂಪು ಬಣ್ಣ ಒಳಗೆ ರಕ್ತದ ಹಾಗೇ ಕಾಣುತ್ತದೆ.

ನೀರ್ಚಾಲಿನ ಅಳಿಯ

ಎಲ್ಲರಿಗೂ ತುಂಬಾ ಧನ್ಯವಾದ. ಮಾವನಿಗೆ ಕೂತು ಓದಿ ಹೇಳಿದೆ. ಕ್ಷಯದ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ. ತಪಾಸಣೆಯ ಕೊಲೊನೋಸ್ಕೋಪಿ ಯಾವಾಗ ಎಂದು ಡಾಕ್ಟ್ರಲ್ಲಿ ಕೇಳಿ ಬರೆಸಿಕೊಳ್ಳುತ್ತೇನೆ.

ಮಂಜೇಶ್ವರದ ಮಗಳು

ಇಷ್ಟು ದಿನ ಓದುತ್ತಾ ಇದ್ದೆ. ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿದೆ. ಕೀಮೋ ಮಾತು ನಡೆಯುತ್ತಿದೆ. ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಕೊಲ್ಲುವ ಔಷಧಿ ಉಂಟು ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ನೋಡಿದರೆ ರೋಗನಿರೋಧಕ ಕೋಶಗಳ ಸಂಕೇತಗಳೇ ಕ್ಯಾನ್ಸರ್ ಬೆಳೆಸುತ್ತವೆ ಎಂದು ಉಂಟು. ನನಗೆ ಇನ್ನೂ ಗೊಂದಲ ಆಯಿತು.

ಬದಿಯಡ್ಕ ಕೋಶಲೋಕ

ಅಕ್ಕಾ, ನಿಮ್ಮ ಪ್ರಶ್ನೆ ಇಷ್ಟು ಹೊತ್ತು ನಾವು ಬಿಟ್ಟಿದ್ದ ಅರ್ಧ ಭಾಗ. ಟಿಎನ್‌ಎಫ್ ಒಂದೇ ಬಂದರೆ ಕ್ಯಾನ್ಸರ್ ಕೋಶ ತಪ್ಪಿಸಿಕೊಳ್ಳುತ್ತದೆ ಎಂದೆ. ಜೊತೆಗೆ ಇಂಟರ್‌ಫೆರಾನ್ ಗಾಮಾ ಬಂದರೆ ಕೋಶದ ಒಳಗೆ ಲೆಕ್ಕ ಬದಲಾಗುತ್ತದೆ. ಕ್ಯಾಸ್ಪೇಸ್-8 ಜಾಸ್ತಿ ತಯಾರಾಗುತ್ತದೆ. ಸಾವಿನ ಇನ್ನೊಂದು ಗ್ರಾಹಿ ಫ್ಯಾಸ್ ಕೂಡ ಹೊರಗೆ ಬರುತ್ತದೆ. ಮೇಲೆ ಹೇಳಿದ ಎಚ್‌ಟಿ-29 ಕೋಶಗಳೇ ಇಂಟರ್‌ಫೆರಾನಿನ ನಂತರ ಫ್ಯಾಸ್ ಸಂಕೇತಕ್ಕೆ ಸುಲಭವಾಗಿ ಸಾಯುತ್ತವೆ. ಇಂಟರ್‌ಫೆರಾನ್ ಗಾಮಾ ತರುವುದು ಟಿ ಕೋಶಗಳು ಎಂಬ ರೋಗನಿರೋಧಕ ಕೋಶಗಳು. ಕ್ಯಾನ್ಸರನ್ನು ಪರಕೀಯ ಎಂದು ಗುರುತಿಸಿದ ಟಿ ಕೋಶ ಹತ್ತಿರ ಬಂದು ಇದನ್ನೆಲ್ಲ ಅಲ್ಲೇ ಬಿಡುತ್ತದೆ. ವರ್ಷಗಟ್ಟಲೆ ಹೊಗೆಯಾಡುವ ಕೊಲೈಟಿಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಟಿ ಕೋಶ ಗುರುತಿಸಬೇಕಲ್ಲ? ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು 15 ಶೇಕಡಾದಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ದೇಹದ ಬೇರೆ ಕಡೆ ಹಬ್ಬಿದ ಹಂತದಲ್ಲಿ ನೋಡಿದರೆ ಇಂಥವು ಸುಮಾರು 5 ಶೇಕಡಾ ಮಾತ್ರ. ಇವುಗಳಲ್ಲಿ ತಪ್ಪು ಪ್ರೋಟೀನುಗಳು ತುಂಬಾ ಇರುವುದರಿಂದ ಟಿ ಕೋಶಗಳಿಗೆ ಬೇಗ ಕಾಣುತ್ತವೆ. ಹಬ್ಬಿದ ಹಂತದ ಇಂಥ ರೋಗಿಗಳಲ್ಲಿ ನೀವು ಕೇಳಿದ ಬಗೆಯ ಔಷಧಿ ಪೆಂಬ್ರೊಲಿಜುಮ್ಯಾಬ್ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡಿತು ಎಂದು 2020ರಲ್ಲಿ ತಿಳಿಯಿತು. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ 16.5 ತಿಂಗಳು, ಕೀಮೋದಲ್ಲಿ 8.2 ತಿಂಗಳು. ಉಳಿದ 95 ಶೇಕಡಾ ಜನರಲ್ಲಿ ಈ ಔಷಧಿ ಒಂದನ್ನೇ ಕೊಟ್ಟರೆ ಉಪಯೋಗ ಬಹಳ ಕಮ್ಮಿ. ಹಾಗಾಗಿ ಎಲ್ಲರಿಗೂ ಕೊಡುವುದಿಲ್ಲ. ಕೊಟ್ಟಿಲ್ಲ ಎಂದರೆ ಡಾಕ್ಟ್ರು ಬಿಟ್ಟರು ಎಂದು ಅರ್ಥ ಅಲ್ಲ.

ಇಂಟರ್‌ಫೆರಾನಿನ ಸಂಕೇತ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸಾಕ್ಷಿ ಉಂಟು. 2017ರ ಒಂದು ಅಧ್ಯಯನದಲ್ಲಿ ಇಂಥದ್ದೇ ಕರುಳಿನ ಕ್ಯಾನ್ಸರ್ ಒಂದು ಈ ಚಿಕಿತ್ಸೆಗೆ ಬಗ್ಗಲಿಲ್ಲ. ನೋಡಿದರೆ ಅದರಲ್ಲಿ ಜ್ಯಾಕ್-1 ಜೀನ್ ಕೆಟ್ಟಿತ್ತು. ಇಂಟರ್‌ಫೆರಾನ್ ಸುದ್ದಿ ಒಳಗೆ ಹೋಗುವುದು ಜ್ಯಾಕ್-1ರ ಮೂಲಕ. ಟಿ ಕೋಶ ಹೇಳಿದ್ದು ಆ ಕ್ಯಾನ್ಸರಿಗೆ ಕೇಳಿಸುತ್ತಲೇ ಇರಲಿಲ್ಲ.

ನೀವು ಮಾಡಬೇಕಾದ್ದು: ಅಮ್ಮನ ಬಯಾಪ್ಸಿ ರಿಪೋರ್ಟಿನಲ್ಲಿ ಎಂಎಲ್‌ಎಚ್-1, ಎಂಎಸ್‌ಎಚ್-2, ಎಂಎಸ್‌ಎಚ್-6, ಪಿಎಂಎಸ್-2 ಎಂಬ ನಾಲ್ಕು ಹೆಸರು ಉಂಟಾ ನೋಡಿ. ಮೇಲೆ ಹೇಳಿದ ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು ಇವೇ. ಇಲ್ಲದಿದ್ದರೆ ಆ ಪರೀಕ್ಷೆ ಮಾಡಿಸಲು ಕೇಳಿ. ಕೀಮೋ ಬೇಕೋ ಬೇಡವೋ ಎಂದು ತೀರ್ಮಾನಿಸುವಾಗಲೂ, ಮುಖ್ಯವಾಗಿ ಎರಡನೇ ಹಂತದ ಕ್ಯಾನ್ಸರಿನಲ್ಲಿ, ಇದು ಲೆಕ್ಕಕ್ಕೆ ಬರುತ್ತದೆ.

ಮಂಜೇಶ್ವರದ ಮಗಳು

ರಿಪೋರ್ಟ್ ಈಗ ತೆಗೆದು ನೋಡಿದೆ. ಆ ಹೆಸರುಗಳು ಇಲ್ಲ. ಆಪರೇಷನ್ ಆಗಿಹೋಯಿತಲ್ಲ, ಇನ್ನು ಮಾಡಿಸಲಿಕ್ಕೆ ಆಗುತ್ತದಾ?

ಉಪ್ಪಳದ ಸಿಸ್ಟರ್

ಆಗುತ್ತದೆ ಮಗಾ. ತೆಗೆದ ಗಡ್ಡೆಯ ತುಂಡನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದರಿಂದಲೇ ಮಾಡುತ್ತಾರೆ, ಅಮ್ಮನನ್ನು ಮತ್ತೆ ಚುಚ್ಚುವುದಿಲ್ಲ. ರಿಪೋರ್ಟಿನಲ್ಲಿ ಬಯಾಪ್ಸಿ ನಂಬರ್ ಇರುತ್ತದೆ, ಅದನ್ನು ಹಿಡಿದುಕೊಂಡು ಹೋಗಿ. ಬೇರೆ ಆಸ್ಪತ್ರೆಯಲ್ಲಿ ತೋರಿಸುವುದಾದರೆ, ಮಂಗಳೂರು ಇರಲಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇರಲಿ, ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಬರೆದುಕೊಟ್ಟು ತೆಗೆದುಕೊಳ್ಳಬಹುದು. ಕೀಮೋ ಶುರುವಾಗುವ ಮೊದಲೇ ಕೇಳಿ.